ಬುಧವಾರದ ಟೀಚರ್

"ನೀ ಆ ಕಡೆ ಹಿಡಿ ರಾಜಿ, ನಾ ಸ್ವಲ್ಪ ಎತ್ತತೀನಿ," ಎಂದು ಭಾನುಮತಿ ತ್ರಿಪುರಸುಂದರಿಯ ಸೊಂಟದ ಕೆಳಗೆ ಕೈ ತೂರಿಸಿದಳು. ರಾಜಿ ಸೀರೆಯ ಅಂಚನ್ನು ತನ್ನತ್ತ ಎಳೆದುಕೊಂಡಳು. ಜೆರ್ಸಿ ಸಿಟಿಯ ಆ ಫ್ಯೂನರಲ್ ಹೋಮಿನವರು ಅದುವರೆಗೆ ಯಾವ ಶವಕ್ಕೂ ಸೀರೆ ಉಡಿಸಿರಲಿಲ್ಲ. ಬೇಕಿದ್ದರೆ ನೀವೇ ಉಡಿಸಿ, ಅರ್ಧ ಗಂಟೆ ಸಮಯವಿದೆ ಎಂದು ಹೇಳಿ ಬಾಗಿಲು ಹಾಕಿಕೊಂಡು ಹೋಗಿದ್ದರು.

"ನೆರಿಗಿ ಬ್ಯಾಡ. ಮ್ಯಾಲೆ ಹೊಚ್ಚಿದ್ರ ಸಾಕು."

"ಟೀಚರ್ ನೆರಿಗೆ ಸರಿ ಮಾಡಿಕೊಳ್ಳದೆ ಬಾಗಿಲು ಕೂಡ ತೆಗೀತಿರಲಿಲ್ಲ."

"ಈಗ ಯಾರು ನೋಡ್ತಾರವಾ."

ಆದರೂ ರಾಜಿ ಐದು ನೆರಿಗೆ ಹಿಡಿದು ಸಿಕ್ಕಿಸಿದಳು. ಬೆರಳಿಗೆ ತಾಗಿದ ಹೊಟ್ಟೆ ಕಲ್ಲಿನಷ್ಟು ತಣ್ಣಗಿತ್ತು.

"ಹೊರಗ ಯಾರ್‍ಯಾರು ಬಂದಾರ?" ಭಾನುಮತಿ ಕೇಳಿದಳು.

"ಕೃಷ್ಣಸ್ವಾಮಿಯವರು ಇದಾರೆ. ಟೀಚರ್ ಕೆಲಸ ಮಾಡ್ತಿದ್ದ ಫ್ಯಾಕ್ಟರಿಯಿಂದ ಇಬ್ಬರು ಹೆಂಗಸರು ಬಂದಿದಾರೆ. ಕೌಸಲ್ಯಾಗೆ ರಜ ಸಿಗಲಿಲ್ಲವಂತೆ. ಉಳಿದವರದ್ದು ಗೊತ್ತಿಲ್ಲ."

"ಆರು ಮಂದಿ ಕಲ್ತಿದ್ವಿ ಇಕಿ ಹತ್ರ," ಎಂದು ಭಾನುಮತಿ ಸೆರಗನ್ನು ಹೆಗಲಿನ ಮೇಲೆ ಹೊದಿಸಿದಳು. "ನಾನೂ ಹನ್ನೆರಡಕ್ಕ ಟ್ರೇನ್ ಹಿಡೀಬೇಕು. ಲ್ಯಾಬಿನಾಗ ಯಾರೂ ಇಲ್ಲ."

*

ಏಳು ವರ್ಷಗಳ ಹಿಂದೆ, ಎಪ್ಪತ್ತರಲ್ಲಿ, ಆ ಆರು ಮಂದಿಯೂ ಅದೇ ಊರಿನ ಜರ್ನಲ್ ಸ್ಕ್ವೇರಿನ ಸುತ್ತಮುತ್ತಲೇ ಇದ್ದರು. ಗಂಡಂದಿರು ಕೆಲಸಕ್ಕೆ ಹೋದ ಮೇಲೆ ಕಿಟಕಿಯಲ್ಲಿ ನಿಂತು ಬಸ್ಸು ನೋಡುವುದೇ ಅವರ ದಿನವಾಗಿತ್ತು. ಮೈಸೂರಿನ ಕಾಲೇಜೊಂದರಲ್ಲಿ ಒಂಬತ್ತು ವರ್ಷ ಇಂಗ್ಲಿಷ್ ಕಲಿಸಿದ್ದ ತ್ರಿಪುರಸುಂದರಿಗೆ ಇಲ್ಲಿ ಯಾವ ಶಾಲೆಯೂ ಕೆಲಸ ಕೊಟ್ಟಿರಲಿಲ್ಲ. ದಿನಸಿ ಅಂಗಡಿಯಲ್ಲಿ ಸಿಕ್ಕ ಒಬ್ಬೊಬ್ಬರನ್ನೇ ಮಾತಾಡಿಸಿ, ಬುಧವಾರ ಬೆಳಿಗ್ಗೆ ಮನೆಗೆ ಬನ್ನಿ ಎಂದು ಕರೆದಳು. ಎರಡು ಗಂಟೆ ಪಾಠ. ಆಮೇಲೆ ಕಾರ್ನ್‌ಫ್ಲೇಕ್ಸಿಗೆ ಒಗ್ಗರಣೆ ಹಾಕಿದ ಚೂಡ, ಕಾಫಿ, ಊರಿನಿಂದ ಬಂದ ಕಾಗದಗಳನ್ನು ಒಬ್ಬರಿಗೊಬ್ಬರು ಓದಿ ಹೇಳುವುದು. ಯಾರಾದರೂ ಅತ್ತರೆ ಅವಳು ತಡೆಯುತ್ತಿರಲಿಲ್ಲ. ಅತ್ತು ಮುಗಿದ ಮೇಲೆ, "ಈಗ ಅದನ್ನೇ ಇಂಗ್ಲಿಷ್‌ನಲ್ಲಿ ಹೇಳು," ಅನ್ನುತ್ತಿದ್ದಳು.

ರಾಜಿಗೆ ಫೋನ್ ಅಂದರೆ ಭಯ. ಗಂಟೆ ಹೊಡೆದರೆ ಬಚ್ಚಲಿಗೆ ಹೋಗಿ ನಿಲ್ಲುತ್ತಿದ್ದಳು. ಅದಕ್ಕೇ ಟೀಚರ್ ಆ ಚಳಿಗಾಲವಿಡೀ ದಿನಾ ಹತ್ತು ಗಂಟೆಗೆ ಅವಳಿಗೆ ಫೋನ್ ಮಾಡಿದಳು. ಒಂದು ದಿನ ದಂತವೈದ್ಯರ ಆಫೀಸಿನವಳಾಗಿ, ಒಂದು ದಿನ ಮನೆ ಮಾಲೀಕನಾಗಿ, ಒಂದು ದಿನ ರಾಂಗ್ ನಂಬರ್ ಆಗಿ. ಫೆಬ್ರವರಿಯ ಹೊತ್ತಿಗೆ ರಾಜಿ ಮನೆ ಮಾಲೀಕನೊಡನೆ ಹೀಟರಿನ ಬಗ್ಗೆ ಜಗಳವಾಡುವಷ್ಟಾದಳು. ಮುಂದೆ ಟೈಪಿಂಗ್ ಕಲಿತು, ವಯಸ್ಕರ ಶಾಲೆಯೊಂದರ ಆಫೀಸಿನಲ್ಲಿ ಕೆಲಸಕ್ಕೆ ಸೇರಿದಳು. ಒಬ್ಬೊಬ್ಬರಿಗೇ ಕೆಲಸ ಸಿಕ್ಕಿತು, ಮಕ್ಕಳಾದವು. ಬುಧವಾರ ಯಾರಿಗೂ ಬಿಡುವಿಲ್ಲದಂತಾಯಿತು.

*

ಪೆಟ್ಟಿಗೆಯನ್ನು ಹೊರಗಿನ ಕೋಣೆಗೆ ತಂದಿಟ್ಟರು. ತ್ರಿಪುರಸುಂದರಿಯ ಗಂಡ ಕೃಷ್ಣಸ್ವಾಮಿ ಕೋಟಿನ ಗುಂಡಿಯನ್ನು ತಪ್ಪಾಗಿ ಹಾಕಿಕೊಂಡಿದ್ದರು. ರಾಜಿ ಪಕ್ಕದಲ್ಲಿ ಕೂತಾಗ ಅವಳ ಕಡೆ ತಿರುಗಿದರು.

"ಜೆರಿಕೋ ಮನೆಯಿಂದ ಡ್ರೈವ್ ಮಾಡ್ಕೊಂಡು ಬಂದ್ಯಾ?"

"ಹೌದು ಅಂಕಲ್."

"ದೂರ." ಪೆಟ್ಟಿಗೆಯ ಕಡೆ ನೋಡಿ ಅಂದರು, "ನಿನ್ನ ಬಗ್ಗೆ ಅವಳಿಗೆ ತುಂಬಾ ಹೆಮ್ಮೆ. ಆ ಶಾಲೆಗೆ ಅರ್ಜಿ ಹಾಕಿದಾಗ, ರೆಫರೆನ್ಸ್‌ಗೆ ನಿನ್ನ ಹೆಸರೇ ಬರೆದಿದ್ದಳು. ರಾಜಿ ಅಲ್ಲೇ ಇದಾಳೆ, ಈ ಸಲ ಆಗತ್ತೆ ಅಂತಿದ್ದಳು. ಯಾಕೋ ಆಗಲಿಲ್ಲ."

ರಾಜಿ ತನ್ನ ಕೈಚೀಲದ ಕೊಂಡಿಯನ್ನು ಹಾಕಿದಳು, ತೆಗೆದಳು.

"ಫ್ಯಾಕ್ಟರಿಗೆ ಹೋಗಬೇಡ ಅಂದೆ," ಅವರು ಮುಂದುವರಿಸಿದರು. "ಮನೇಲಿ ಕೂತು ಏನು ಮಾಡಲಿ ಅಂದಳು. ಅಲ್ಲೇ ಬಾಟಲಿ ಪ್ಯಾಕ್ ಮಾಡ್ತಾ ಮಾಡ್ತಾ ಕುಸಿದಳಂತೆ. ಆಂಬ್ಯುಲೆನ್ಸ್ ಬರೋ ಹೊತ್ತಿಗೆ ಏನೂ ಇರಲಿಲ್ಲ."

*

ಎಪ್ಪತ್ತನಾಲ್ಕರ ಸೆಪ್ಟೆಂಬರಿನಲ್ಲಿ ಮೇಲಧಿಕಾರಿಣಿ ಆ ಅರ್ಜಿಯನ್ನು ಹಿಡಿದು ರಾಜಿಯ ಮೇಜಿನ ಬಳಿ ಬಂದಿದ್ದಳು. ಹೊಸದಾಗಿ ವಲಸೆ ಬಂದವರಿಗೆ ಇಂಗ್ಲಿಷ್ ಕಲಿಸುವ ಕೆಲಸ. "ಇವರು ನಿಮ್ಮವರಲ್ಲವೇ? ಇವರು ಮಾತಾಡಿದ್ದು ವಿದ್ಯಾರ್ಥಿಗಳಿಗೆ ಅರ್ಥವಾದೀತೇ?"

ಆ ಆಫೀಸಿನಲ್ಲಿ ರಾಜಿ ಬಾಯಿ ತೆರೆದಾಗಲೆಲ್ಲ ಯಾರಾದರೊಬ್ಬರು 'ಪಾರ್ಡನ್?' ಅನ್ನುತ್ತಿದ್ದರು. ಆಗಷ್ಟೇ ಅದು ಕಡಿಮೆಯಾಗುತ್ತಿತ್ತು. ತನ್ನದೂ ಟೀಚರದೂ ಒಂದೇ ಉಚ್ಚಾರ ಅಂದುಕೊಂಡಾರು ಅನ್ನಿಸಿತು. "ತುಂಬಾ ಓದಿದವರು," ಅಂದಳು. "ಆದರೆ ಆಕ್ಸೆಂಟ್ ಸ್ವಲ್ಪ ಭಾರ."

ಆ ಮಾತಿಗೆ ಮೇಲಧಿಕಾರಿಣಿ 'ಪಾರ್ಡನ್' ಅನ್ನಲಿಲ್ಲ. ತಲೆಯಾಡಿಸಿ, ಅರ್ಜಿಯನ್ನು ಮಡಚಿಕೊಂಡು ಹೋದಳು.

*

ಫ್ಯೂನರಲ್ ಹೋಮಿನವನು ಮುಂದೆ ಬಂದು ಯಾರಾದರೂ ಎರಡು ಮಾತು ಹೇಳುವಿರಾ ಎಂದು ಕೇಳಿದ. ಭಾನುಮತಿ ನೆಲ ನೋಡಿದಳು.

"ನೀನೇ ಹೇಳಮ್ಮ," ಕೃಷ್ಣಸ್ವಾಮಿ ರಾಜಿಗೆ ಅಂದರು. "ಇಂಗ್ಲಿಷ್‌ನಲ್ಲೇ ಹೇಳು. ಅವರಿಗೂ ತಿಳೀಲಿ."

ರಾಜಿ ಎದ್ದು ನಿಂತಳು. ಖಾಲಿ ಕುರ್ಚಿಗಳ ನಡುವೆ ಫ್ಯಾಕ್ಟರಿಯ ಇಬ್ಬರು ಕ್ಯೂಬಾದ ಹೆಂಗಸರು ಕೋಟು ಬಿಚ್ಚದೆ ಕೂತಿದ್ದರು. "ಶೀ ವಾಸ್ ಅವರ್ ಇಂಗ್ಲಿಷ್ ಟೀಚರ್," ಅಂದಳು.

ಇಬ್ಬರಲ್ಲಿ ಹಿರಿಯಳು ಹುಬ್ಬೇರಿಸಿದಳು. "ಟೀಚರ್?" ಎಂದು ಮೆಲ್ಲಗೆ ಪಕ್ಕದವಳನ್ನು ಕೇಳಿದಳು. "ಅವಳಿಗೆ ಇಂಗ್ಲಿಷ್ ಬರುತ್ತಿತ್ತೇ?"

ಪಕ್ಕದವಳು ಗೊತ್ತಿಲ್ಲವೆಂದು ಭುಜ ಕುಣಿಸಿದಳು.

ರಾಜಿ ಮುಂದಿನ ವಾಕ್ಯಕ್ಕೆ ಬಾಯಿ ತೆರೆದಳು. ಎಲ್ಲರೂ ಕಾದರು. ಅವಳು ಕೂತುಬಿಟ್ಟಳು.

ಹೊರಗೆ ಹಿಮ ಕರಗಿ ರಸ್ತೆಯೆಲ್ಲ ಕೆಸರಾಗಿತ್ತು. ಭಾನುಮತಿ ರಾಜಿಯ ಕೈ ಒತ್ತಿ ಸ್ಟೇಷನ್ನಿನ ಕಡೆ ಓಡಿದಳು. ಕ್ಯೂಬಾದ ಹೆಂಗಸರು ಮಧ್ಯಾಹ್ನದ ಪಾಳಿಗೆ ಹೊರಟರು. ಕೃಷ್ಣಸ್ವಾಮಿ ಶವದ ಗಾಡಿಯಲ್ಲಿ ಡ್ರೈವರಿನ ಪಕ್ಕ ಕೂತು, ಕಿಟಕಿ ಇಳಿಸಿ ಕೇಳಿದರು. "ಲಿಂಡನ್ ಕ್ರೆಮಟೋರಿಯಂವರೆಗೂ ಬರ್ತೀಯಲ್ಲಮ್ಮ? ಅಲ್ಲಿ ಬಟನ್ ಒತ್ತೋವಾಗ ಯಾರಾದ್ರೂ ಜೊತೆಗಿರಲಿ."

"ಬರ್ತೀನಿ ಅಂಕಲ್. ನಿಮ್ಮ ಹಿಂದೇನೇ ಇರ್ತೀನಿ."

ಫ್ಯೂನರಲ್ ಹೋಮಿನವನು ಅವಳ ಕಾರಿನ ಮುಂಭಾಗಕ್ಕೆ ಶವಯಾತ್ರೆಯ ಗುರುತಿನ ಕಿತ್ತಳೆ ಬಣ್ಣದ ಪುಟ್ಟ ಬಾವುಟ ಅಂಟಿಸಿ, ದೀಪ ಹಾಕಿಕೊಂಡು ಬರಲು ಹೇಳಿದ. ಒಂದು ಗಾಡಿ, ಅದರ ಹಿಂದೆ ಒಂದು ಕಾರು. ನಾಲ್ಕು ಬೀದಿ ದಾಟಿದವು. ಐದನೆಯ ಸಿಗ್ನಲ್ಲಿನಲ್ಲಿ ಗಾಡಿ ಲಿಂಡನ್‌ಗೆ ಹೋಗುವ ಟರ್ನ್‌ಪೈಕ್ ಹೆದ್ದಾರಿಯ ಕಡೆ ತಿರುಗಿತು. ರಾಜಿ ಗಡಿಯಾರ ನೋಡಿದಳು. ಮಗಳ ಸ್ಕೂಲ್ ಬಸ್ಸಿಗೆ ಇನ್ನೂ ಎರಡೂವರೆ ಗಂಟೆ ಇತ್ತು. ಅವಳು ತನ್ನ ಮನೆಯ ದಾರಿಯಾದ ಹಾಲೆಂಡ್ ಟನಲ್ಲಿನ ಕಡೆ ತಿರುಗಿದಳು.

ಟನಲ್ಲಿಗೆ ಮುಂಚಿನ ದಾರಿಯಲ್ಲಿ ರಸ್ತೆ ದಾಟುತ್ತಿದ್ದ ಮುದುಕನೊಬ್ಬ ಅವಳ ಕಾರಿನ ಬಾವುಟ ನೋಡಿ ನಿಂತ. ಟೋಪಿ ತೆಗೆದು ಎದೆಗೆ ಹಿಡಿದುಕೊಂಡ. ಶವದ ಗಾಡಿಗಾಗಿ ಅವಳ ಮುಂದೆ ನೋಡಿದ, ಹಿಂದೆ ನೋಡಿದ. ಎಲ್ಲೂ ಕಾಣದೆ, ಬರಿತಲೆಯಲ್ಲಿ ಅಲ್ಲೇ ಕಾಯುತ್ತ ನಿಂತ.