ನಿಲ್ಲದ ಸಿವುಡು

ಫೆಸ್ಟಸ್ ಹೊಳೆಯ ಪಾಲಾಗಿ ಮೂರು ದಿನಗಳಾಗಿದ್ದವು. ಮೂರು ದಿನವೂ ಊರಿನ ಗಂಡಸರು ಅವನ ಅಣ್ಣ ಕೋಲ್ಮನ್ ತೋರಿಸಿದ ಲಾಳದಂತೆ ಬಾಗಿದ ಮಡುವನ್ನೇ ಉದ್ದನೆಯ ದೋಟಿಗಳಿಂದ ತಡಕಿದ್ದರು. ಓವನ್‌ಗ್ಲಾಸ್ ಹೊಳೆ ಯಾರನ್ನೇ ಎಳೆದೊಯ್ದರೂ ತಂದೊಪ್ಪಿಸುತ್ತಿದ್ದುದು ಆ ತಿರುವಿನ ಮಡುವಿಗೆ. ಐವತ್ತು ವರ್ಷ ಅಲ್ಲಿ ಹಾವುಮೀನು ಹಿಡಿದ ಕೋಲ್ಮನ್‌ಗಿಂತ ಚೆನ್ನಾಗಿ ಅದರ ಮರ್ಜಿಯನ್ನು ಬಲ್ಲವರಿರಲಿಲ್ಲ.

ಮೂರನೆಯ ಮಧ್ಯಾಹ್ನ ಫೆಸ್ಟಸ್‌ನ ಹೆಂಡತಿ ಅಟ್ರಾಕ್ಟಾ ಓಟ್ಸ್ ಹುಲ್ಲಿನ ಸಿವುಡು ಕಟ್ಟಿ, ನಡುವೆ ಪಾದ್ರಿಗಳು ಮಂತ್ರಿಸಿಕೊಟ್ಟ ಮೇಣದಬತ್ತಿಯನ್ನು ನಿಲ್ಲಿಸಿ ತಂದಳು. ಮುಳುಗಿದವನು ಇರುವಲ್ಲಿ ಸಿವುಡು ನಿಲ್ಲುತ್ತದೆ ಎಂಬುದು ಊರಿನ ನಂಬಿಕೆ. ಫೆಸ್ಟಸ್‌ನ ಟೋಪಿ ಸಿಕ್ಕಿದ ಜಾಗದಲ್ಲಿ ಬತ್ತಿ ಹಚ್ಚಿ ತೇಲಿಬಿಟ್ಟರು. ಗಂಡಸರು ತಲೆಯ ಮೇಲಿನ ಟೋಪಿ ತೆಗೆದು ದಡದುದ್ದಕ್ಕೂ ಹಿಂಬಾಲಿಸಿದರು.

ಮಡುವಿನ ಬಾಯಿಯಲ್ಲಿ ಸಿವುಡು ಒಮ್ಮೆ ತಡವರಿಸಿತು. ಕೋಲ್ಮನ್ ನೀರಿನಂಚಿಗೆ ಧಾವಿಸಿದ. ಅದು ಮತ್ತೆ ನೇರವಾಗಿ, ಹೊಸದಾಗಿ ತೋಡಿದ ಕಾಲುವೆಗುಂಟ ಹೊರಟೇಹೋಯಿತು.

“ಭಾವ, ಹೋಗ್ತಾ ಇದೆಯಲ್ಲ!”

“ಕಟ್ಟಿದ್ದು ಸರಿಯಿಲ್ಲ ಕಣಮ್ಮ. ಇನ್ನೊಂದು ಬಿಡು.”

“ನಾನೇ ಕಟ್ಟಿದ್ದು. ಅತ್ತೆ ಹೇಳಿಕೊಟ್ಟ ಹಾಗೇನೇ.”

ನೆರೆಯ ಕುರಿಗಾರ ಮ್ಯಾನಸ್ ತಡೆಯಲಾರದೆ ಅಂದ: “ಮೊದಲ್ನೇ ದಿನಾನೇ ಕಡಲ ಹತ್ರದ ಸೇತುವೆಗೆ ಅಡ್ಡ ಬಲೆ ಕಟ್ಟೋಣ ಅಂದೆ ಮಾರಾಯ. ‘ಕುರಿ ಕಾಯೋನು ನನಗೆ ಹೊಳೆ ಪಾಠ ಹೇಳ್ತೀಯೇನೋ’ ಅಂದೆಯಲ್ಲ!”

ಕೋಲ್ಮನ್ ಸಿವುಡಿನ ಹಿಂದೆಯೇ ಹೆಜ್ಜೆ ಹಾಕಿದ. ಎರಡು ವರ್ಷಗಳ ಹಿಂದೆ ಹೊಳೆಯ ತಿರುವುಗಳನ್ನು ಕಡಿದು ನೇರಮಾಡಲು ಸರ್ಕಾರದ ಎಂಜಿನಿಯರು ಬಂದಾಗ ಕೋಲು ಹಿಡಿದು ಮುಂದೆ ನಡೆದವನು ಅವನೇ. ‘ಇಲ್ಲಿ ನನ್ನ ಹುಲ್ಲು ಕೊಳೆಸ್ತದೆ, ಇಲ್ಲಿ ದಾರಿ ಮುಳುಗಿಸ್ತದೆ’ ಎಂದು ಒಂದೊಂದು ತಿರುವನ್ನೂ ತೋರಿಸಿದ್ದ. ಅವನ ಕೋಲು ಮುಟ್ಟಿದಲ್ಲೆಲ್ಲ ಗೂಟ ಬಿದ್ದಿತ್ತು. ಪ್ರತಿ ಹೊಲದ ಅಂಚಿನಲ್ಲೂ ತುಸು ತಂಗಿ, ಏನನ್ನೋ ಮರೆತವರಂತೆ ಹಿಂತಿರುಗಿ, ಏಳು ಮೈಲಿ ಅಲೆದು ಕಡಲು ಕಾಣುತ್ತಿದ್ದ ಹೊಳೆ ಈಗ ಮೂರೇ ಮೈಲಿಯಲ್ಲಿ ಮುಗಿಯುತ್ತಿತ್ತು. ಅದಕ್ಕೆ ಯಾರ ಗುರುತೂ ಉಳಿದಿರಲಿಲ್ಲ. ಹಳೆಯ ಮಡುವಿನಲ್ಲಿ ಬರಿಯ ಪಾಚಿ, ನಿಂತ ನೀರು. ಅದನ್ನು ಕಂಡೂ ಅವನು ಮೂರು ದಿನ ನಂಬಿದ್ದ, ಹೊಳೆ ತನ್ನ ಮನೆಗೆ ಮರಳುವುದೆಂದು.

ಸೇತುವೆಗೆ ಅವರು ಏದುಸಿರಿನಿಂದ ತಲುಪುವಷ್ಟರಲ್ಲಿ ಸಿವುಡು ಕಮಾನಿನಡಿ ನುಸುಳಿ ಆಚೆಗೆ ಸಾಗಿತ್ತು. ಅಲ್ಲಿಂದ ಮುಂದೆ ಉಪ್ಪುನೀರು. ಕಡಲ ಇಳಿತದ ಹೊತ್ತು. ಹಗಲ ಬೆಳಕಿನಲ್ಲಿ ಇದೆಯೋ ಇಲ್ಲವೋ ಎನ್ನುವಂತೆ ಬತ್ತಿಯ ಕುಡಿ ಇನ್ನೂ ಉರಿಯುತ್ತಿತ್ತು.

ಅಟ್ರಾಕ್ಟಾ ಕಲ್ಲಿನ ಕಟ್ಟೆಯನ್ನು ಹಿಡಿದು ಕೇಳಿದಳು: “ಅವರಿಗೆ ಮಣ್ಣು ಕೊಡೋದಾದರೂ ಬೇಡವಾ? ಇನ್ನೆಲ್ಲಿ ನಿಲ್ಲುತ್ತೆ ಹೇಳಿ ಭಾವ.”

ಅಭ್ಯಾಸಬಲದಿಂದ ಕೋಲ್ಮನ್‌ನ ಕೋಲು ಮೇಲೆದ್ದಿತು. ಎದುರಿಗೆ ತೋರಿಸಲು ಒಂದು ತಿರುವೂ ಇರಲಿಲ್ಲ, ಕಡಲಿನ ಬೂದುಬಣ್ಣವೊಂದನ್ನು ಬಿಟ್ಟು. ಎತ್ತಿದ ಕೋಲು ಹಾಗೆಯೇ ಗಾಳಿಯಲ್ಲಿ ನಿಂತಿತು.

ಮ್ಯಾನಸ್ ಹತ್ತಿರ ಬಂದು ಅವನ ಮಣಿಕಟ್ಟು ಹಿಡಿದ.

“ಇಳಿಸಪ್ಪ,” ಅಂದ. “ಇಳಿಸು ಸಾಕು.”