ತೊಂಬತ್ತನಾಲ್ಕು ಪದರ ಸುಣ್ಣ

ಮಂಟಪ ಚೋಳರದ್ದು ಎಂದು ತಿಮ್ಮರಾಯಪ್ಪ ಹೇಳಿದ್ದ. ನಮ್ಮ ಹಾಸ್ಟೆಲಿಗೆ ಹಾಲು ಹಾಕುವವನು. 1962ರ ಮಾರ್ಚಿನಲ್ಲಿ, ಬಿಳೇಕಹಳ್ಳಿ ದಾರಿಯಲ್ಲಿದ್ದ ಅವರ ಬೈರದೇವರ ಗುಡಿಗೆ, ಇತಿಹಾಸ ಓದುತ್ತಿದ್ದ ನನ್ನನ್ನು ಕರೆದುಕೊಂಡು ಹೋದ. ಕಾರ್ತಿಕದ ಉತ್ಸವದಲ್ಲಿ ದೇವರು ಹೊರಗೆ ಬಂದು ಕೂರುವ ನಾಲ್ಕು ಕಂಬದ ಮಂಟಪ ಹೊಸ ಬಡಾವಣೆಯ ರಸ್ತೆಗೆ ಅಡ್ಡ ಬಂದಿತ್ತು. ನೂರು ವರ್ಷ ಹಳೆಯದೆಂದು ತೋರಿಸಿದರೆ ರಸ್ತೆಯನ್ನು ಪಕ್ಕಕ್ಕೆ ಸರಿಸಲು ಬರೆಯುತ್ತೇನೆ, ಇಲ್ಲದಿದ್ದರೆ ಕೆಡವಬೇಕು ಎಂದು ಓವರ್‌ಸಿಯರ್ ಅನಂತರಾಮು ಹೇಳಿದ್ದರು. ಸಂಜೆ ಬರುವವರಿದ್ದರು.

ಚೋಳರದ್ದಲ್ಲ. ಕಂಬಗಳು ಒರಟು. ಅವುಗಳ ತಲೆಯ ಮೇಲಿನ ಕಮಲವನ್ನು ಶಿಲ್ಪಿ ಅರ್ಧಕ್ಕೇ ಬಿಟ್ಟಿದ್ದ. ಶಾಸನವಿಲ್ಲ. ಇದ್ದದ್ದು ಬೆರಳು ದಪ್ಪ ಸುಣ್ಣ.

“ವರ್ಷಕ್ಕೆ ಎಷ್ಟು ಸಲ ಬಳೀತೀರಿ?”

“ಒಂದೇ ಸಲ. ಉತ್ಸವದ ಹಿಂದಿನ ದಿನ, ಒಂದೇ ಕೈ.”

ಶಾಸನ ಓದಲೆಂದು ತಂದಿದ್ದ ಭೂತಗನ್ನಡಿ ತೆಗೆದೆ. ಕಂಬದ ಮೂಲೆಯ ಸುಣ್ಣವನ್ನು ಬ್ಲೇಡಿನಿಂದ ಓರೆಯಾಗಿ ಕೆರೆದೆ.

“ದೇವ್ರ ಕಂಬ ಕೆರೀತಾವ್ನಲ್ಲೋ, ಇವನ ಕೈ ಸೇದೋಗ!” ಎಂದಳು ತಿಮ್ಮರಾಯಪ್ಪನ ತಾಯಿ ಮುನಿಲಕ್ಷ್ಮಮ್ಮ.

ಎರಡು ಬಿಳುಪಿನ ನಡುವೆ ಕೂದಲೆಳೆಯಷ್ಟು ಬೂದು ಗೆರೆ: ಒಂದು ವರ್ಷದ ಧೂಳು, ದೀಪದ ಹೊಗೆ. ಹೋದ ವರ್ಷದಿಂದ ಒಳಕ್ಕೆ ಎಣಿಸಿದೆ. ಅರವತ್ತೊಂದು ಪದರ, ಅಂದರೆ 1901. ಅದರ ಕೆಳಗಿನ ಗೆರೆ ಮಾತ್ರ ದಪ್ಪವಾಗಿ ಮಣ್ಣಿನ ಬಣ್ಣಕ್ಕಿತ್ತು.

“ಇಲ್ಲೇನಾಯ್ತು ಅಜ್ಜಿ?”

“ಎಲ್ಲಿ, ತೋರ್ಸು.” ಬಗ್ಗಿ ಗಾಜಿನಲ್ಲಿ ನೋಡಿದಳು. “ಪ್ಲೇಗು ಕಣಪ್ಪ. ನಂಗೆ ಆಗ ಎಂಟು. ಮೂರು ವರ್ಷ ಊರು ಬಿಟ್ಟು ಹೊಲದಾಗೆ ಗುಡಿಸ್ಲು ಹಾಕ್ಕಂಡಿದ್ವಿ. ಜನಾನೇ ಇಲ್ಲ, ಸುಣ್ಣ ಯಾರು ಬಳೀತಾರೆ?”

ಅದರಡಿ ಮೂವತ್ಮೂರು ಪದರ, ಆಮೇಲೆ ಬರೀ ಕಲ್ಲು. ತೊಂಬತ್ತನಾಲ್ಕು ಸುಣ್ಣ, ಸುಣ್ಣವಿಲ್ಲದ ಮೂರು ವರ್ಷ.

“ನೂರು ಅಂದ್ಬಿಡಿ ಸ್ವಾಮಿ,” ಎಂದ ತಿಮ್ಮರಾಯಪ್ಪ. “ಮೂರಕ್ಕೇನು ಜಿಪುಣತನ?”

“ಇರೋದು ತೊಂಬತ್ತೇಳು.”

ಅನಂತರಾಮು ಬಂದಾಗಲೂ ಅದನ್ನೇ ಹೇಳಿದೆ. ತಿಮ್ಮರಾಯಪ್ಪ ನನ್ನ ಕಡೆ ನೋಡಲಿಲ್ಲ. ಅನಂತರಾಮು ಭೂತಗನ್ನಡಿ ಇಸಿದುಕೊಂಡು ತಾವೇ ಎಣಿಸಿದರು. ಎರಡು ಸಲ ತಪ್ಪಿ ಮೊದಲಿಂದ ಶುರು ಮಾಡಿದರು. ಮಣ್ಣಿನ ಗೆರೆ ಬಂದಾಗ ಮುದುಕಿ ಪ್ಲೇಗಿನ ಕತೆಯನ್ನು ಮತ್ತೊಮ್ಮೆ ಹೇಳಿದಳು.

“ತೊಂಬತ್ತೇಳೇ,” ಎಂದು ಅವರು ಮಂಡಿ ಒರೆಸಿಕೊಂಡರು. “ಈ ಫೈಲು ಇನ್ನೂ ಮೂರು ಮೇಜು ದಾಟ್ಬೇಕು. ಮೇಜಿಗೊಂದು ವರ್ಷ. ನೀವು ಸುಣ್ಣ ಬಳೀತಾ ಇರಿ.”

ತಿಮ್ಮರಾಯಪ್ಪ ಯೋಚಿಸಿದ. “ಮೂರು ಕೈ ಇವತ್ತೇ ಬಳಿದ್ಬಿಟ್ರೆ ಸಾರ್?”

“ನಡುವೆ ಹೊಗೆ ಗೆರೆ ಇರಲ್ಲ, ಗೊತ್ತಾಗುತ್ತೆ,” ಎಂದೆ.

“ನೀನು ಸುಮ್ಕಿರೋ,” ಎಂದು ಮಗನಿಗೆ ಹೇಳಿ ಮುನಿಲಕ್ಷ್ಮಮ್ಮ ಭೂತಗನ್ನಡಿಗಾಗಿ ಕೈ ಚಾಚಿದಳು.