ಅರ್ಧ ಸ್ಲ್ಯಾಬು

“ಏಳಲೇ ಭಾಡ್ಯಾ. ಸ್ಲ್ಯಾಬಿನ ದಿನಾನ ನೋಡಿ ಜ್ವರ ಬರ್ತಾವೇನ ನಿನಗ? ನಿನ್ನ ಜ್ವರಕ್ಕೂ ಪಂಚಾಂಗ ಗೊತ್ತೈತಿ ಬಿಡ.”

ಕೂಲಿಗಳ ಮುಕಾದಮ ಭೀಮಶಿ ಬೂಟಿನ ತುದಿಯಿಂದ ಗಂಗಪ್ಪನ ಪಕ್ಕೆಯನ್ನು ತಿವಿದ. ಉಸುಕಿನ ಗುಡ್ಡೆಯ ಮಗ್ಗುಲಲ್ಲಿ ಖಾಲಿ ಸಿಮೆಂಟ್ ಚೀಲಗಳನ್ನು ಹೊದ್ದು ಮುದುಡಿದ್ದ ಗಂಗಪ್ಪ ಏಳಲು ಯತ್ನಿಸಿ, ಮೊಣಕಾಲೂರಿ, ಮತ್ತೆ ಕುಸಿದ. ಗೋವೆಯ ಕೆಪೆ ಊರಿನ ಬೆಳಗಿನ ಬಿಸಿಲು ಆಗಲೇ ಬೆನ್ನು ಸುಡುತ್ತಿತ್ತು. ಅವನ ಹಲ್ಲುಗಳು ಮಾತ್ರ ಒಂದಕ್ಕೊಂದು ಬಡಿದುಕೊಳ್ಳುತ್ತಿದ್ದವು.

“ರಾತ್ರಿಯೆಲ್ಲಾ ನಡಗ್ಯಾನ್ರಿ ಮುಕಾದಮ್ರ,” ಎಂದಳು ಅವನ ಹೆಂಡತಿ ಭಾಗವ್ವ, ತಲೆಯ ಮೇಲಿನ ಸಿಂಬಿಯನ್ನು ಸರಿಪಡಿಸಿಕೊಳ್ಳುತ್ತ. “ಇವತ್ತೊಂದಿನ ಬಿಡ್ರಿ. ಅವನ ಪಾಲಿಂದೂ ನಾನ ಹೊರ್ತೇನಿ.”

“ಎರಡ ತಲಿ ತಂದೀಯೇನ ಊರಿಂದ? ನಡೀ, ಭಟಜಿ ಬಂದಾರ.”

ಕಟ್ಟುತ್ತಿದ್ದದ್ದು ಆಸ್ಪತ್ರೆ. ಹಳೆಯ ಕಟ್ಟಡ ಕಾಂಪೌಂಡ್ ಗೋಡೆಯ ಆಚೆಗೆ ಗಾಜಿನ ಮುಖ ಹೊತ್ತು ನಿಂತಿತ್ತು. ಈಚೆಗೆ ಅದರ ಹೊಸ ವಿಭಾಗ ತಲೆಯೆತ್ತುತ್ತಿತ್ತು. ಗಾಯದ ನಂಜು ರಕ್ತಕ್ಕೇರಿ ಇಡೀ ದೇಹವನ್ನು ಕೆಡಿಸುವ ಸೆಪ್ಸಿಸ್ ಎಂಬ ವ್ಯಾಧಿಗೆಂದೇ ಮೀಸಲಾದ ವಿಭಾಗವಿದೆಂದು ರಸ್ತೆಬದಿಯ ದೊಡ್ಡ ಫಲಕ ಸಾರುತ್ತಿತ್ತು. ಫಲಕದ ಮೇಲೆ ಬೆಳ್ಳಗಿನ ಗಂಡ, ಬೆಳ್ಳಗಿನ ಹೆಂಡತಿ, ಬೆಳ್ಳಗಿನ ಮಗು ನಗುತ್ತಿದ್ದರು. ಆ ಮೂವರಲ್ಲಿ ಯಾರಿಗೆ ಸೆಪ್ಸಿಸ್ ಆಗಿತ್ತೆಂಬುದು ಅವರ ಮುಖದಿಂದ ತಿಳಿಯುತ್ತಿರಲಿಲ್ಲ.

ಗಂಗಪ್ಪನಿಗೆ ಮೊಳೆ ಚುಚ್ಚಿದ್ದು ಅದೇ ಕಟ್ಟಡದಲ್ಲಿ, ಕಾಂಕ್ರೀಟು ಒಣಗುವತನಕ ಅದನ್ನು ಹೊತ್ತು ನಿಲ್ಲುವ ಸೆಂಟ್ರಿಂಗ್ ಹಲಗೆ ಬಿಚ್ಚುವಾಗ. ತುಕ್ಕು ಹಿಡಿದ ಮೊಳೆ ಚಪ್ಪಲಿಯನ್ನು ದಾಟಿ ಅಂಗಾಲಿಗೆ ಇಳಿದಿತ್ತು. ಕಟ್ಟಡದ ಕೂಲಿಗಳ ಬಳಿ ಗಾಯಕ್ಕೆ ಪರಂಪರೆಯಿಂದ ಬಂದ ಮದ್ದೊಂದಿದೆ: ಒಂದು ಚಿಟಿಕೆ ಒಣ ಸಿಮೆಂಟು. ರಕ್ತ ಬಂದಲ್ಲಿ ಅದನ್ನಿಟ್ಟು, ಉಗುಳು ಹಚ್ಚಿ, ಹೆಬ್ಬೆರಳಿನಿಂದ ಅದುಮಿದರೆ ರಕ್ತ ನಿಲ್ಲುತ್ತದೆ. ಸಂಜೆಯೊಳಗೆ ಗಾಯ ಕಲ್ಲಾಗುತ್ತದೆ. ಇಷ್ಟೆತ್ತರದ ಮನೆಗಳನ್ನು ಹಿಡಿದು ನಿಲ್ಲಿಸುವ ವಸ್ತು ಒಂದು ಅಂಗಾಲನ್ನು ನಿಲ್ಲಿಸದೆ ಬಿಟ್ಟೀತೆ ಎಂಬುದು ಅವರ ನಂಬಿಕೆ. ಗಂಗಪ್ಪನೂ ಸಿಮೆಂಟು ತುಂಬಿದ, ಹರಕು ಬಟ್ಟೆ ಸುತ್ತಿದ, ಕೆಲಸಕ್ಕೆ ಹತ್ತಿದ. ಮುಚ್ಚಿದ ಗಾಯ ಮುಗಿದ ಗಾಯ.

ಜ್ವರ ಬಂದ ಮೇಲೆ ಸರಕಾರಿ ದವಾಖಾನೆಗೂ ಹೋಗಿ ಬಂದಿದ್ದ. ಘಟ್ಟದ ಮೇಲಿನಿಂದ ಬಂದವರ ಜ್ವರಕ್ಕೆ ಅಲ್ಲಿ ಒಂದೇ ಹೆಸರು, ಮಲೇರಿಯಾ. ಬೆರಳು ಚುಚ್ಚಿ ರಕ್ತ ನೋಡಿದರು. ಮಲೇರಿಯಾ ಇರಲಿಲ್ಲ, ಆದ್ದರಿಂದ ರೋಗವೂ ಇರಲಿಲ್ಲ. ಜ್ವರದ ಗುಳಿಗೆ ಕೊಟ್ಟು ಕಳುಹಿಸಿದರು. ಬೆರಳು ಕೇಳಿದವರು ಕಾಲು ಕೇಳಲಿಲ್ಲ. ಬೆರಳು ಚಾಚಿದವನು ಕಾಲು ಚಾಚಲಿಲ್ಲ.

*

ಹೆಣೆದ ಸರಳುಗಳ ಮೇಲೆ ಹಲಗೆ ಹಾಸಿ ಪೂಜೆಗೆ ಅಣಿಮಾಡಿದ್ದರು. ಭಟಜಿ ಕಲಶವನ್ನಿಟ್ಟು ಸುತ್ತ ನೋಡಿ, ಬುಟ್ಟಿ ಹಿಡಿದು ನಿಂತ ಹೆಂಗಸರತ್ತ ಕೈ ಬೀಸಿ, “ಪಯ್ಸ್ ರಾವ್, ಪಯ್ಸ್ ರಾವ್” ಎಂದರು. ದೂರ ನಿಲ್ಲಿ ಎಂಬ ಆ ಕೊಂಕಣಿ ಮಾತನ್ನು ಯಾರೂ ಅವರಿಗೆ ಅರ್ಥಮಾಡಿಸಬೇಕಿರಲಿಲ್ಲ. ಗೋವೆಗೆ ಬಂದವರು ಮೊದಲು ಕಲಿಯುವ ಮಾತದು.

ಆಸ್ಪತ್ರೆಯ ಒಡೆಯರಾದ ದೊಡ್ಡ ಡಾಕ್ಟರು ಮೊದಲ ಬುಟ್ಟಿಯ ಕಾಂಕ್ರೀಟನ್ನು ಬೆರಳತುದಿಯಿಂದ ಮುಟ್ಟಿದರು. ಮುಟ್ಟಿದ ಕೂಡಲೇ ಭಟಜಿ ತೀರ್ಥ ಕೊಟ್ಟರು, ಸಹಾಯಕನು ಸ್ಯಾನಿಟೈಸರ್ ಸುರಿದನು. ದೇವರಿಗೂ ವಿಜ್ಞಾನಕ್ಕೂ ಏಕಕಾಲಕ್ಕೆ ಸಮಾಧಾನವಾಯಿತು.

ಬಳಿಕ ಕ್ಯಾಮೆರಾ ಬಂತು. ಕೂಲಿಗಳ ತಲೆಗೆ ಹಳದಿ ಹೆಲ್ಮೆಟ್ಟುಗಳನ್ನು ಹಂಚಲಾಯಿತು. ಚಿತ್ರೀಕರಣ ಮುಗಿದೊಡನೆ ಹಿಂದಿರುಗಿಸತಕ್ಕದ್ದೆಂದು ಹೇಳಲಾಯಿತು. ಕೈ ತೊಳೆಯುವ ಶಾಸ್ತ್ರೀಯ ವಿಧಾನವನ್ನು ಪ್ರದರ್ಶಿಸಲು ಎದುರಿಗೆ ಸಿಕ್ಕ ಭಾಗವ್ವನನ್ನೇ ಕರೆದರು. ಸಿಮೆಂಟು ತಿಂದು ಬಿರಿದಿದ್ದ ಆಕೆಯ ಅಂಗೈಗಳಿಗೆ ಸಹಾಯಕನು ಬಾಟಲಿಯನ್ನು ಧಾರಾಳವಾಗಿ ಒತ್ತಿದ. ಬಿರುಕುಗಳಿಗಿಳಿದ ಅದು ಖಾರದಪುಡಿಯಂತೆ ಉರಿಯಿತು.

“ನಗಬೇಕಂತ,” ಎಂದ ಭೀಮಶಿ ಬದಿಯಿಂದ. “ಸುದ್ದಿ ಕೇಳಿ ಸ್ಮಶಾನಕ್ಕ ಬಂದಾವರಂಗ ನಿಂದರಬ್ಯಾಡ.”

ದೊಡ್ಡ ಡಾಕ್ಟರು ಹಿಂದಿಯಲ್ಲಿ ಭಾಷಣ ಆರಂಭಿಸಿದರು. ಸೆಪ್ಸಿಸ್ ಯಾರನ್ನೂ ಬಿಡದೆಂದರು; ಬಡವ ಬಲ್ಲಿದ ಭೇದ ಅದಕ್ಕಿಲ್ಲವೆಂದರು; ತಡವಾದ ಪ್ರತಿ ತಾಸೂ ಸಾವಿನ ಕಡೆಗಿಟ್ಟ ಹೆಜ್ಜೆಯೆಂದರು. ಹೋದ ದೀಪಾವಳಿಯ ನಂತರವಷ್ಟೇ ಗೋವೆಗೆ ಬಂದ ಭಾಗವ್ವನಿಗೆ ಹಿಂದಿ ಬಾರದು. ಭೀಮಶಿ ತರ್ಜುಮೆ ಮಾಡಿದ.

“ಮೈ ಗಡಗಡ ನಡಗಿದ್ರ, ಉಸುರು ಜೋರಾದ್ರ, ಉಚ್ಚಿ ಕಡಿಮಿ ಆದ್ರ, ಮನಿಷ್ಯಾ ಅಡ್ಡಾದಿಡ್ಡಿ ಮಾತಾಡಾಕ ಹತ್ತಿದ್ರ ತಡಾ ಮಾಡಬ್ಯಾಡ್ರಿ ಅಂತಾರ ಸಾಹೇಬ್ರು. ಲಗೂನ ಔಷಧಾ ಏರಿಸಿದ್ರ ಉಳೀತಾನಂತ. ತಿಳೀತಿಲ್ಲೋ? ತಿಳೀತಂತ ತಲಿ ಅಳ್ಳಾಡಸ್ರಿ, ಫೋಟೋ ಹೊಡ್ಯಾಕತ್ತಾರ.”

ಹಳದಿ ತಲೆಗಳೆಲ್ಲ ಅಲ್ಲಾಡಿದವು. ಭಾಗವ್ವನ ತಲೆ ಅಲ್ಲಾಡಲಿಲ್ಲ. ಒಂದೊಂದು ಲಕ್ಷಣ ಹೇಳಿದಾಗಲೂ ಅವಳಿಗೆ ಉಸುಕಿನ ಮಗ್ಗುಲಲ್ಲಿ ಬಿದ್ದ ಗಂಡನೇ ಕಾಣುತ್ತಿದ್ದ. ಅವಳು ಒಂದು ಹೆಜ್ಜೆ ಮುಂದೆ ಬಂದಳು.

“ಸಾಹೇಬ್ರ, ನನ್ನ ಗಂಡಗ ಇದ ಆಗೇತ್ರಿ. ಕೆಳಗ ಬಿದ್ದಾನ್ರಿ. ನೀವು ಹೇಳಿದ್ದೆಲ್ಲಾ ಅವನ ಮೈಯಾಗ ಐತ್ರಿ. ಒಂದೀಟ ಬಂದ ನೋಡ್ರಿ.”

ಡಾಕ್ಟರು ಹುಬ್ಬೇರಿಸಿ ಭೀಮಶಿಯತ್ತ ನೋಡಿದರು.

“ತಮ್ಮ ಮಾತು ಕೇಳಿ ಇವಳ ಜನ್ಮ ಸಾರ್ಥಕವಾಯಿತಂತೆ, ಸಾಹೇಬರೇ,” ಎಂದು ಭೀಮಶಿ ಹಿಂದಿಯಲ್ಲಿ ನಿವೇದಿಸಿದ.

ಡಾಕ್ಟರಿಗೆ ಕಣ್ಣು ತುಂಬಿ ಬಂತು. ಅವರು ಕೈ ಜೋಡಿಸಿದರು. ಕ್ಯಾಮೆರಾದವನು ಆ ನಮಸ್ಕಾರವನ್ನು ಇನ್ನೊಮ್ಮೆ ಮಾಡಿಸಿಕೊಂಡ. ಹಿಂದಿ ಬಲ್ಲ ಕೂಲಿಗಳು ಕೆಲವರಿದ್ದರು. ಅವರು ಹೆಲ್ಮೆಟ್ಟಿನ ಪಟ್ಟಿಗಳನ್ನು ಸರಿಮಾಡಿಕೊಂಡರು.

*

ಡಾಕ್ಟರೂ ಅತಿಥಿಗಳೂ ಶಾಮಿಯಾನಾದ ಕೆಳಗೆ ಉಪಾಹಾರಕ್ಕೆ ಕುಳಿತರು. ಕಾಂಕ್ರೀಟ್ ಮಿಕ್ಸರ್ ನಡೆಸುವ ಗೂಡುಸಾಬ ಎಂಜಿನ್ ಚಾಲೂ ಮಾಡಿದ. ಇಳಿಜಾರು ಹಲಗೆಯ ಮೇಲೆ ಹೆಂಗಸರ ಸಾಲು ತಲೆಯಿಂದ ತಲೆಗೆ ಬುಟ್ಟಿ ದಾಟಿಸತೊಡಗಿತು. ತುಂಬಿದ ಬುಟ್ಟಿ ಮೇಲಕ್ಕೆ, ಖಾಲಿ ಬುಟ್ಟಿ ಕೆಳಕ್ಕೆ.

ಸಾಲು ತಪ್ಪಿಸಿ ಭಾಗವ್ವ ಉಸುಕಿನತ್ತ ಓಡಿದಳು. ಗಂಗಪ್ಪನ ಎದೆ ಓಡಿಬಂದ ನಾಯಿಯದರಂತೆ ಏರಿಳಿಯುತ್ತಿತ್ತು.

“ಭಾಗೀ, ಹಲಗಿ ತಗೀಬ್ಯಾಡನ್ನ. ಇನ್ನಾ ಹಸಿ ಐತಿ. ನನ್ನ ಮ್ಯಾಲ ಬೀಳತೈತಿ.”

“ಯಾವ ಹಲಗಿಯೋ? ನೀ ಬಯಲಾಗ ಅದಿ.”

“ತಗೀಬ್ಯಾಡನ್ನ ಅವರಿಗೆ.”

ಸಾಲು ಬಿಟ್ಟು ಹಿಂದೆಯೇ ಬಂದ ಜೊತೆಗಾತಿ ಗೋಮಿಬಾಯಿ ಅವನ ಕಾಲಿನ ಬಟ್ಟೆ ಬಿಚ್ಚಿದಳು. ಸಿಮೆಂಟಿನ ಬಿರಡೆ ಬಟ್ಟೆಯೊಡನೆ ಕಿತ್ತು ಬಂತು. ಅದರ ಹಿಂದೆ ಬಂದ ನಾತಕ್ಕೆ ಇಬ್ಬರೂ ಮುಖ ತಿರುಗಿಸಿದರು. ಹಿಮ್ಮಡಿಯಿಂದ ಮೊಣಕಾಲಿನವರೆಗೆ ಕೆಂಪು ಗೆರೆಯೊಂದು ಏರಿತ್ತು.

“ನಮ್ಮ ಔಷಧಾನ ಇವನ್ನ ತಿಂದೈತೆವ್ವ,” ಎಂದಳು ಗೋಮಿಬಾಯಿ. “ಒಳಗ ಕೊಳ್ಯಾಕ ಬಿಟ್ಟು ಮ್ಯಾಲ ಸಿಮೆಂಟಿನ ಗಿಲಾವು ಮಾಡೇವಿ. ಎತ್ತ ಇವನ್ನ.”

ಭೀಮಶಿ ಅಡ್ಡ ಬಂದ. “ಎಲ್ಲಿಗೆ ಎತ್ತತೀರಿ? ಸಾಲು ಬಿಟ್ಟ ಬಂದೀರಿ ಇಬ್ಬರೂ.”

“ದವಾಖಾನಿಗೆ ಒಯ್ಯಾಕ ನಿಮ್ಮ ಜೀಪ ಕೊಡ್ರಿ ಮುಕಾದಮ್ರ. ಕಾಲ ಬೀಳತೇನ್ರಿ.”

“ಸ್ಲ್ಯಾಬ್ ಮುಗೀಲಿ, ಸಂಜಿಕ ಕೊಡ್ತೇನಿ. ಸ್ಲ್ಯಾಬ್ ಅರ್ಧಕ್ಕ ನಿಂತ್ರ ಏನಕ್ಕೈತಿ ಗೊತ್ತೈತಿಲ್ಲ? ಒಣಗಿದ್ದಕ್ಕ ಹಸೀದು ಕೂಡೂದಿಲ್ಲ. ಜಾಯಿಂಟ್ ಬೀಳತೈತಿ, ಕಟ್ಟಡ ಇರೂತನಾ ಸೋರತೈತಿ. ಆಳ ಸತ್ರ ಇನ್ನೊಬ್ಬ ಆಳ ಸಿಗತಾನ. ಸ್ಲ್ಯಾಬ್ ಸತ್ರ ಯಾರ ಮಣ್ಣ ಮಾಡಬೇಕ?”

ಗೋಮಿಬಾಯಿಯನ್ನು ಅವನು ಸಾಲಿಗೆ ಅಟ್ಟಿದ. ಭಾಗವ್ವ ನಿಲ್ಲದೆ ಆಸ್ಪತ್ರೆಯ ಗಾಜಿನ ಬಾಗಿಲಿಗೆ ಓಡಿದಳು. ಬಾಗಿಲಲ್ಲಿ ನೀಲಿ ಸಮವಸ್ತ್ರದ ಕಾವಲುಗಾರ ಕೇಶಪ್ಪನಿದ್ದ. ಇಳಕಲ್ಲಿನ ಕಡೆಯವನು, ಸಮವಸ್ತ್ರ ತೊಟ್ಟಂದಿನಿಂದ ಘಟ್ಟ ಇಳಿದು ಬಂದ ದಾರಿ ಅವನಿಗೆ ಮರೆತಿತ್ತು. ಘಟ್ಟದವರನ್ನು ಗೋವೆಯವರಂತೆ ಅವನೂ ‘ಘಾಟಿ’ ಎಂದೇ ಹೀಗಳೆಯುತ್ತಿದ್ದ.

“ಏ ಘಾಟಿ, ಆ ಕಾಲ ತಗೊಂಡ ಮ್ಯಾಲ ಹತ್ತಬ್ಯಾಡ. ಸಿಮೆಂಟ್ ಐತಿ. ಒಳಗಿನ ಪೇಶಂಟಗಳಿಗೆ ಇನ್‌ಫೆಕ್ಷನ್ ಆಗತೈತಂತ ಬೋರ್ಡ್ ಹಾಕ್ಯಾರ.”

“ಇನ್‌ಫೆಕ್ಷನ್ ಆದಾವನ್ನ ಕರಕೊಂಡ ಬರತೇನೋ ಯಪ್ಪಾ.”

“ಅವನ್ನಂತೂ ತರಲೇಬ್ಯಾಡ.”

“ನೀನೂ ನಮ್ಮ ಕಡ್ಯಾವನ ಅದಿ. ಮಾತಿನ್ಯಾಗ ಗೊತ್ತಾಕ್ಕೈತಿ.”

ಕೇಶಪ್ಪ ಅತ್ತಿತ್ತ ನೋಡಿ ದನಿ ತಗ್ಗಿಸಿದ. “ಅದ ಗೊತ್ತಾದ್ರ ನನ್ನೂ ಲೇಬರ್ ಗೇಟಿನಿಂದನ ಒಳಗ ಬಿಡ್ತಾರವ್ವ. ಹೋಗ, ಲೇಬರ್ ಗೇಟ್ ಆ ಕಡಿ ಐತಿ.”

ಲೇಬರ್ ಗೇಟು ಹೋಗಿ ಸೇರುತ್ತಿದ್ದದ್ದು ಉಸುಕಿನ ಗುಡ್ಡೆಗೆ.

*

ಭಾಗವ್ವ ಹಿಂದಿರುಗಿದಳು. ಗಂಗಪ್ಪನ ಬಳಿಗೆ ಹೋಗಲಿಲ್ಲ, ಭೀಮಶಿಯ ಕಾಲು ಹಿಡಿಯಲಿಲ್ಲ. ಸಾಲಿನಲ್ಲಿ ತನ್ನ ಜಾಗದಲ್ಲಿ ನಿಂತು, ಕೆಳಗಿನಿಂದ ಬಂದ ತುಂಬಿದ ಬುಟ್ಟಿಯನ್ನು ಎರಡೂ ಕೈಗಳಿಂದ ತೆಗೆದುಕೊಂಡು, ನೆಲಕ್ಕಿಟ್ಟಳು. ಮುಂದಿನ ಬುಟ್ಟಿ ಬಂತು. ಅದನ್ನೂ ಇಟ್ಟಳು.

“ಏ ರಂಡಿ, ಯಾಕ ಇಟ್ಟಿ?” ಭೀಮಶಿ ಮೇಲಿನಿಂದ ಕಿರುಚಿದ.

“ಗಂಡನ್ನ ಸಾಯಿಸಿ ರಂಡಿ ಮಾಡಾಕ ಹೊಂಟೀಯಲ್ಲೋ, ಅದಕ್ಕ ಇಟ್ಟಾಳ,” ಎಂದು ಗೋಮಿಬಾಯಿ ತನ್ನ ಬುಟ್ಟಿಯನ್ನೂ ಇಳಿಸಿದಳು. “ನಿಮ್ಮವ್ವನ, ಬಾ, ನೀನ ಹೊರ.”

ಸಾಲು ನಿಂತಿತು. ಕೆಲವು ಹೆಂಗಸರು ಬುಟ್ಟಿಯನ್ನು ಇಳಿಸದೆ, ಮುಂದೊಯ್ಯದೆ, ತಲೆಯ ಮೇಲಿಟ್ಟುಕೊಂಡೇ ನಿಂತರು. ಅವರಿಗೆ ಇನ್ನೂ ಭಯವಿತ್ತು. ಕೆಳಗೆ ಗೂಡುಸಾಬ ಎಂಜಿನ್ನಿನ ಮೇಲೆ ಬಗ್ಗಿದ. ದಡದಡ ಸದ್ದು ಕೆಮ್ಮಿ ಕೆಮ್ಮಿ ಅಡಗಿತು.

“ಡೀಸೆಲ್ ಮುಗೀತೇನಲೇ ಸಾಬಾ?”

“ಡೀಸೆಲ್ ಐತ್ರಿ. ಮನಸ ಮುಗದೈತಿ.”

ಭೀಮಶಿ ಬೈದ. ಸತ್ತ ತಾಯಂದಿರನ್ನೂ ಹುಟ್ಟದ ಮಕ್ಕಳನ್ನೂ ಬಿಡದೆ ಬೈದ. ಆಮೇಲೆ ಬೇಡಿಕೊಂಡ. ಎಂಜಿನಿಯರು ಓಡಿ ಬಂದು, ಹಸಿ ಕಾಂಕ್ರೀಟಿನ ಅಂಚನ್ನು ನೋಡಿ, ಆಕಾಶದ ಬಿಸಿಲನ್ನು ನೋಡಿ, ಶಾಮಿಯಾನಾದತ್ತ ಓಡಿದ. ಅರ್ಧ ತಿಂದ ಶಿರಾ ಬಿಟ್ಟು ದೊಡ್ಡ ಡಾಕ್ಟರು ಎದ್ದು ಬಂದರು. ಆವರೆಗೆ ಯಾರ ಉಸಿರಾಟದ ವೇಗಕ್ಕೂ ಅವರು ಅಷ್ಟು ವೇಗವಾಗಿ ಬಂದಿರಲಿಲ್ಲ.

ಗೂಡುಸಾಬ ಹಿಂದಿಯಲ್ಲಿ ಎರಡೇ ಮಾತು ಹೇಳಿ ಉಸುಕಿನ ಗುಡ್ಡೆಯನ್ನು ತೋರಿಸಿದ. ಡಾಕ್ಟರು ಗಂಗಪ್ಪನ ಕಾಲನ್ನು ಬಗ್ಗಿ ನೋಡಿದರು. ಅವರ ಮುಖದಲ್ಲಿದ್ದ ಭಾಷಣವೆಲ್ಲ ಇಳಿದುಹೋಯಿತು. ಗಾಜಿನ ಬಾಗಿಲಿನತ್ತ ಕೈಮಾಡಿ ಸ್ಟ್ರೆಚರ್ ತರಿಸಿದರು. ಬಳಿಕ ನೆಟ್ಟಗಾಗಿ, ಭಾಗವ್ವನಿಗೆ ಏನನ್ನೋ ಗದರಿಸಿ ಹೇಳಿದರು.

“ಇಷ್ಟ ತಡಾ ಯಾಕ ಮಾಡೀರಿ ಅಂತಾರ,” ಎಂದ ಗೂಡುಸಾಬ. “ನಿಮ್ಮ ಮಂದಿಗೆ ತಿಳುವಳಿಕಿ ಇಲ್ಲ ಅಂತಾರ.”

“ತಡಾ ಎಲ್ಲಿ ಮಾಡೇನಿ ಕಾಕಾ? ಸಾಹೇಬ್ರು ಮ್ಯಾಲ ನಿಂತ ಭಾಷಣಾ ಮಾಡೂಮುಂದ ಇಂವ ಅವರ ಕಾಲ ಕೆಳಗ ಇದ್ದ. ಅಲ್ಲೇ ಹೇಳೇನಿ. ಆಗ ಮುಕಾದಮ ಏನಂತ ತಿಳಿಸ್ಯಾನ ಕೇಳ.”

ಗೂಡುಸಾಬ ಒಂದಕ್ಷರವನ್ನೂ ಬಿಡದೆ ಹಿಂದಿಗೆ ತಂದ. ಡಾಕ್ಟರು ಭೀಮಶಿಯ ಮುಖ ನೋಡಿದರು. ಭೀಮಶಿ ಹೆಲ್ಮೆಟ್ಟುಗಳನ್ನು ಎಣಿಸತೊಡಗಿದ.

ಸ್ಟ್ರೆಚರ್ ಗಾಜಿನ ಬಾಗಿಲಿನೊಳಗೆ ಹೋಯಿತು. ಕೇಶಪ್ಪ ಬಾಗಿಲನ್ನು ಅಗಲವಾಗಿ ಹಿಡಿದುಕೊಂಡ. ಭಾಗವ್ವ ಹತ್ತಿರ ಬಂದಾಗ ಅವಳ ಕಾಲುಗಳನ್ನು ನೋಡಿ ಬಾಗಿಲು ಮುಚ್ಚಿದ.

*

ಅರ್ಧ ಸುರಿದ ಸ್ಲ್ಯಾಬಿನ ಅಂಚಿನಿಂದ ಆಸ್ಪತ್ರೆಯ ಒಂದು ಕಿಟಕಿ ನೇರ ಎದುರಿಗೆ ಕಾಣುತ್ತಿತ್ತು. ಭಾಗವ್ವ ಅಲ್ಲಿಗೆ ಹತ್ತಿ ನಿಂತಳು. ಒಳಗೆ ಗಂಗಪ್ಪನ ಮೈಮೇಲೆ ಬಿಳಿ ಚಾದರ ಬಂತು. ಕಂಬಿಗೆ ಬಾಟಲಿ ತೂಗಿದರು. ಕೈಗೆ ಸೂಜಿ ಚುಚ್ಚಿದರು.

“ನೋಡಿದ್ಯಲ್ಲ, ಔಷಧಾ ಏರಸ್ಯಾರ,” ಎಂದ ಭೀಮಶಿ. ಈಗ ಅವನ ದನಿಯಲ್ಲಿ ಅಕ್ಕರೆ ಸುರಿಯುತ್ತಿತ್ತು. “ಸಾಹೇಬ್ರು ದ್ಯಾವರಂಥಾವರು. ತಂಗೀ, ಇನ್ನ ಶುರು ಮಾಡ್ರಿ. ಮಾಲ್ ಸೆಟ್ ಆಗಾಕತ್ತೈತಿ.”

ಎಂಜಿನಿಯರು ಕಾಂಕ್ರೀಟಿನ ಅಂಚಿಗೆ ಹೆಬ್ಬೆರಳೊತ್ತಿದ. ಬೆರಳು ಸ್ವಲ್ಪವೇ ಇಳಿಯಿತು.

ಭಾಗವ್ವ ತನ್ನ ಬುಟ್ಟಿಯನ್ನು ಬೋರಲು ಹಾಕಿ ಅದರ ಮೇಲೆ ಕುಳಿತಳು, ಕಿಟಕಿಗೆ ಮುಖಮಾಡಿ.

“ಅಂವ ಕಣ್ಣ ತೆರೀಲಿ. ಹೆಸರ ಹಿಡದ ಕರೀಲಿ. ಆಮ್ಯಾಲ ಹೊರ್ತೇನಿ.”

“ಅದ ಯಾವಾಗ ಆದೀತೋ ಯಾರಿಗೆ ಗೊತ್ತವ್ವ? ನಾಳಿಗಿ ಆದೀತು. ಆಗದನ ಇದ್ರೂ...”

ಗೋಮಿಬಾಯಿ ತನ್ನ ಬುಟ್ಟಿಯನ್ನು ಭಾಗವ್ವನ ಮಗ್ಗುಲಲ್ಲಿ ಬೋರಲು ಹಾಕಿದಳು. ಅದುವರೆಗೂ ತಲೆಯ ಮೇಲೆ ಹೊತ್ತುಕೊಂಡೇ ನಿಂತಿದ್ದ ಹೆಂಗಸರು ಒಬ್ಬೊಬ್ಬರಾಗಿ ಇಳಿಸಿದರು, ಸುರಿದರು, ಬೋರಲು ಹಾಕಿದರು, ಕುಳಿತರು.

ಕಿಟಕಿಯ ಒಳಗೆ ನರ್ಸ್ ಒಬ್ಬಳು ಬಾಗಿ ನೋಡಿದಳು. ಹೊರಗೆ ಓಡಿದಳು. ಇಬ್ಬರೊಡನೆ ಹಿಂದಿರುಗಿದಳು. ಅವರ ಬೆನ್ನುಗಳು ಹಾಸಿಗೆಯನ್ನು ಮರೆಮಾಡಿದವು. ಬಳಿಕ ಒಂದು ಕೈ ಚಾಚಿ ಪರದೆಯನ್ನು ಎಳೆಯಿತು.

ಎಂಜಿನಿಯರು ಮತ್ತೊಮ್ಮೆ ಹೆಬ್ಬೆರಳೊತ್ತಿದ. ಈ ಸಲ ಗುರುತು ಮೂಡಲಿಲ್ಲ.

“ಏಳ್ರೇ,” ಎಂದ ಭೀಮಶಿ.

ಪರದೆಯ ಮೇಲೆ ಕಣ್ಣಿಟ್ಟು ಕುಳಿತ ಹೆಂಗಸರಲ್ಲಿ ಒಬ್ಬಳೂ ಏಳಲಿಲ್ಲ.